ಪಾಕ ಇಲ್ಲದೆ ಉಂಡೆ ಕಟ್ಟೋದು ಹೆಂಗೆ?

ಹೋದ ಗೋಕುಲಾಷ್ಟಮಿಗೆ ನಮ್ಮನೇಲಿ ರವೆ ಉಂಡೆ ಕೆಟ್ಟೋಯ್ತು. ಅಮ್ಮ ನಲವತ್ತು ವರ್ಷದಿಂದ ಮಾಡ್ತಿರೋ ಐಟಮ್ಮು, ಒಂದೆಳೆ ಪಾಕ ಬಂದ ತಕ್ಷಣ ಇಳಿಸ್ಬೇಕು ಅಷ್ಟೇ, ಆದ್ರೆ ಸರಿಯಾಗಿ ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರಿನವರು ಬಂದ್ರು, ಓಟಿಪಿ ಕೇಳಿದ್ರು, ಓಟಿಪಿ ನನ್ನ ಫೋನಿಗೆ ಬಂದಿತ್ತು, ನಾನು ಟೆರೇಸಲ್ಲಿದ್ದೆ, ಅಮ್ಮ ಕೆಳಗಿಂದ ಕೂಗಿ ಕೂಗಿ ಒಳಗೆ ಹೋಗೋ ಹೊತ್ತಿಗೆ ಪಾಕ ಎಳೆ ದಾಟಿ ಎಲ್ಲಿಗೋ ಹೋಗಿತ್ತು. ರವೆ ಹಾಕಿ ಕಲಸಿದ್ರೆ ಉದುರುದುರು. ಒತ್ತಿ ಹಿಡಿದ್ರೆ ಉಂಡೆ ಥರ ಕಾಣುತ್ತೆ, ತಟ್ಟೆಗಿಟ್ರೆ ಬಿರುಕು ಬಿಡುತ್ತೆ, ಪಕ್ಕದ ಉಂಡೆಗೆ ಒಂಚೂರು ತಾಗಿದ್ರೆ ಎರಡೂ ಪುಡಿ.

ನಾನು ನಕ್ಕುಬಿಟ್ಟೆ. ಅಮ್ಮಂಗೆ ಸಿಟ್ಟು ಬಂತು, "ನಗ್ತೀಯಲ್ಲ, ಬಾ ನೀನೇ ಕಟ್ಟು" ಅಂದ್ರು. ನಾನು ನಕ್ಕಿದ್ದು ಉಂಡೆ ಕೆಟ್ಟಿದ್ದಕ್ಕಲ್ಲ. ಆ ವಾರ ಪೂರ್ತಿ ರಾತ್ರಿ ಹೊತ್ತು ಗ್ರಹಗಳು ಹುಟ್ಟೋದು ಹೆಂಗೆ ಅನ್ನೋದರ ಬಗ್ಗೆ ಓದ್ತಾ ಕೂತಿದ್ದೆ, ಮತ್ತೆ ಅಲ್ಲಿನ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲಾ ಐವತ್ತು ವರ್ಷದಿಂದ ಒದ್ದಾಡ್ತಿರೋ ಸಮಸ್ಯೆ ನಮ್ಮಮ್ಮನ ತಟ್ಟೇಲಿ ಹಾಗ್ಹಾಗೇ ಕೂತಿತ್ತು.

ಹೈಸ್ಕೂಲಲ್ಲಿ ಓದಿದ್ದು ನೆನಪಿದ್ಯಾ? ಅನಿಲ ಮತ್ತು ಧೂಳಿನ ಮೋಡ ಕುಸೀತು, ಮಧ್ಯದಲ್ಲಿ ಸೂರ್ಯ ಆಯ್ತು, ಸುತ್ತ ಉಳಿದ ಧೂಳು ಒಟ್ಟುಗೂಡಿ ಗ್ರಹಗಳಾದವು, ಮುಗೀತು, ಮುಂದಿನ ಪಾಠ. ಆ "ಒಟ್ಟುಗೂಡಿ" ಅನ್ನೋ ಒಂದು ಪದ ಇದ್ಯಲ್ಲ, ಎಲ್ಲಾ ಗಲಾಟೆ ಇರೋದು ಅದರೊಳಗೇ. ಮೇಷ್ಟ್ರನ್ನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಲ್ಲು ಕಲ್ಲು ಡಿಕ್ಕಿ ಹೊಡೆದ್ರೆ ಒಡೆಯುತ್ತೆ ಸಾರ್, ಅಂಟಿಕೊಳ್ಳುತ್ತಾ? ಪಾಕ ಎಲ್ಲಿಂದ ಬಂತು?

ಮೊದಲು ಒಂದು ಮಾತು. ಹೊಸದಾಗಿ ಹುಟ್ಟಿದ ಸೂರ್ಯನ ಸುತ್ತ ತಿರುಗೋ ಧೂಳಿನ ತಟ್ಟೆ ಇತ್ತು ಅನ್ನೋದರಲ್ಲಿ ಈಗ ಅನುಮಾನ ಇಲ್ಲ. 1755ರಲ್ಲಿ ತತ್ವಜ್ಞಾನಿ ಕಾಂಟ್, 1796ರಲ್ಲಿ ಗಣಿತಜ್ಞ ಲಾಪ್ಲಾಸ್ ಇದನ್ನ ಹೇಳಿದಾಗ ಬರೀ ತರ್ಕ. ಎಲ್ಲಾ ಗ್ರಹಗಳೂ ಒಂದೇ ದಿಕ್ಕಲ್ಲಿ, ಹೆಚ್ಚುಕಮ್ಮಿ ಒಂದೇ ಸಮತಲದಲ್ಲಿ ಸುತ್ತುತ್ವೆ, ಅಂದ್ಮೇಲೆ ಮೊದಲು ತಟ್ಟೆ ಥರ ಏನೋ ಇದ್ದಿರ್ಬೇಕು ಅಂತ. 2014ರ ನವೆಂಬರಲ್ಲಿ ಚಿಲಿ ದೇಶದ ಅಟಕಾಮಾ ಮರುಭೂಮಿಯ ಆಲ್ಮಾ ದೂರದರ್ಶಕ ಎಚ್‌ಎಲ್ ಟೌರಿ ಅನ್ನೋ ನಕ್ಷತ್ರದ ಚಿತ್ರ ಕೊಡ್ತು. ನಮ್ಮಿಂದ ಸುಮಾರು 450 ಜ್ಯೋತಿರ್ವರ್ಷ ದೂರ. ಆ ಚಿತ್ರ ನೋಡಿಲ್ಲ ಅಂದ್ರೆ ಈಗ್ಲೇ ಹುಡುಕಿ ನೋಡಿ, ಗ್ರಾಮಫೋನ್ ಪ್ಲೇಟು ಕಂಡ ಹಾಗೆ ಕಾಣುತ್ತೆ, ಉಂಗುರ, ನಡುವೆ ಖಾಲಿ, ಮತ್ತೆ ಉಂಗುರ, ಮತ್ತೆ ಖಾಲಿ. ಖಾಲಿ ಜಾಗದಲ್ಲಿ ಗ್ರಹಗಳು ಧೂಳು ಗುಡಿಸ್ತಾ ಓಡಾಡ್ತಿವೆ ಅಂತ ಎಲ್ಲರೂ ಖುಷಿಯಾದ್ರು. ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಆ ನಕ್ಷತ್ರದ ವಯಸ್ಸು ಹೆಚ್ಚಂದ್ರೆ 10 ಲಕ್ಷ ವರ್ಷ. ಅಷ್ಟು ಬೇಗ ಗ್ರಹ ಆಗೋಕೆ ಅವತ್ತಿದ್ದ ಯಾವ ಲೆಕ್ಕದಲ್ಲೂ ಸುಲಭಕ್ಕೆ ದಾರಿ ಇರಲಿಲ್ಲ.

ಸರಿ, ಧೂಳಿನಿಂದ ಶುರು ಮಾಡೋಣ. ಶುರುವಲ್ಲಿ ಇರೋದು ಮೈಕ್ರೋಮೀಟರ್, ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಗಾತ್ರದ ಕಣ, ಹೊಗೆಯಲ್ಲಿರೋ ಮಸಿ ಥರ. ಕೊನೆಗೆ ಆಗಬೇಕಿರೋದು 12,742 ಕಿಲೋಮೀಟರ್ ಅಡ್ಡಳತೆಯ ಭೂಮಿ. ಒಂದರ ಮುಂದೆ ಹದಿಮೂರು ಸೊನ್ನೆ ಹಾಕಿದಷ್ಟು ಪಟ್ಟು ಬೆಳೀಬೇಕು. ಇದರಲ್ಲಿ ಮೊದಲ ಭಾಗ ಸಲೀಸು. ಸಣ್ಣ ಕಣಗಳು ಮೆಲ್ಲಗೆ ತಾಗಿದ್ರೆ ಸಾಕು, ಅಣುಗಳ ನಡುವಿನ ದುರ್ಬಲ ಸೆಳೆತಕ್ಕೇ ಅಂಟಿಕೊಳ್ತವೆ, ಮಂಚದ ಕೆಳಗೆ ಧೂಳು ಉಂಡೆಯಾಗಿ ಉರುಳಾಡುತ್ತಲ್ಲ ಹಾಗೆ. ಗಗನಯಾತ್ರಿ ಡಾನ್ ಪೆಟಿಟ್ 2003ರಲ್ಲಿ ಅಂತರಿಕ್ಷ ನಿಲ್ದಾಣದಲ್ಲಿ ಸುಮ್ನೆ ಬಿಡುವಿನ ಹೊತ್ತಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಉಪ್ಪು, ಸಕ್ಕರೆ, ಕಾಫಿ ಪುಡಿ ಅಂತ ಒಂದೊಂದಾಗಿ ಹಾಕಿ ಅಲ್ಲಾಡಿಸಿ ಬಿಟ್ರು. ಭಾರ ಇಲ್ಲದ ಜಾಗ, ಕೆಲವೇ ಸೆಕೆಂಡಲ್ಲಿ ಕಾಳುಗಳು ಗುಂಪು ಕಟ್ಟಿಕೊಂಡು ಗಂಟಾದವು. ಅಲ್ಲಿ ಕೆಲಸ ಮಾಡಿದ್ದು ಹೆಚ್ಚಾಗಿ ಸ್ಥಿರ ವಿದ್ಯುತ್ತು, ಬಾಚಣಿಗೆಗೆ ಪೇಪರ್ ಚೂರು ಅಂಟೋ ಕಥೆ. ಕೊನೆಯ ಭಾಗವೂ ಸಲೀಸು. ಕಿಲೋಮೀಟರುಗಟ್ಟಲೆ ದಪ್ಪದ ಬಂಡೆಗಳಾದ್ಮೇಲೆ ಗುರುತ್ವವೇ ಎಳೆದು ಎಳೆದು ಸೇರಿಸುತ್ತೆ, ಮಾಸ್ಕೋದ ವಿಕ್ಟರ್ ಸಫ್ರೊನೋವ್ 1969ರಲ್ಲೇ ಇದರ ಲೆಕ್ಕ ಹಾಕಿ ಪುಸ್ತಕ ಬರೆದಿಟ್ಟಿದ್ರು.

ಮಧ್ಯದ್ದೇ ತೊಂದರೆ. ಕಡ್ಲೆಕಾಳು ಗಾತ್ರದಿಂದ ಬೆಟ್ಟದ ಗಾತ್ರದವರೆಗೆ.

ಈ ಮಧ್ಯದ ಸೈಜಿನ ಕಲ್ಲಿಗೆ ಸ್ಥಿರ ವಿದ್ಯುತ್ತು ಸಾಲಲ್ಲ, ಗುರುತ್ವ ಇನ್ನೂ ಹುಟ್ಟಿಲ್ಲ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಯುರ್ಗೆನ್ ಬ್ಲೂಮ್ ಅವರ ತಂಡ ವರ್ಷಗಟ್ಟಲೆ ಧೂಳು ಉಂಡೆಗಳನ್ನ ನಿರ್ವಾತದಲ್ಲಿ ಬೀಳಿಸಿ, ಗುದ್ದಿಸಿ ನೋಡಿದೆ. ಇದೇ ಕೆಲಸಕ್ಕೆ ಸಂಬಳ ಸಿಗುತ್ತೆ ಅಂತ ಗೊತ್ತಿದ್ರೆ ನಾನು ಇಂಜಿನಿಯರಿಂಗ್ ಸೇರ್ತಾನೇ ಇರಲಿಲ್ಲ. ಅವರಿಗೆ ಕಂಡಿದ್ದು ಏನಂದ್ರೆ, ಮಿಲಿಮೀಟರ್ ಗಾತ್ರಕ್ಕೆ ಬರೋ ಹೊತ್ತಿಗೆ ಉಂಡೆಗಳು ಒತ್ತಿ ಒತ್ತಿ ಗಟ್ಟಿಯಾಗಿ ಅಂಟೋದನ್ನ ನಿಲ್ಲಿಸಿ ಬರೀ ಪುಟಿಯೋಕೆ ಶುರು ಮಾಡ್ತವೆ, ಇನ್ನೊಂಚೂರು ಜೋರಾಗಿ, ಸೆಕೆಂಡಿಗೆ ಒಂದು ಮೀಟರ್ ಆಸುಪಾಸು ತಾಗಿದ್ರೆ ಒಡೆದೇ ಹೋಗ್ತವೆ. ಸೆಕೆಂಡಿಗೆ ಒಂದು ಮೀಟರ್ ಅಂದ್ರೆ ನಮ್ಮಜ್ಜಿ ದೇವಸ್ಥಾನಕ್ಕೆ ನಡ್ಕೊಂಡು ಹೋಗೋ ಸ್ಪೀಡು. ಧೂಳಿನ ತಟ್ಟೇಲಿ ಮೀಟರ್ ಗಾತ್ರದ ಕಲ್ಲುಗಳು ಅದರ ಹತ್ತಾರು ಪಟ್ಟು ವೇಗದಲ್ಲಿ ಬಂದು ಗುದ್ದುತ್ವೆ.

ಒಡೆಯೋದು ಒಂದೇ ಆಗಿದ್ರೆ ಹೋಗ್ಲಿ, ಇನ್ನೂ ದೊಡ್ಡ ಕಾಟ ಇದೆ, ನನಗೆ ಇದನ್ನ ಓದಿದಾಗ ನಿಜವಾಗ್ಲೂ ಎದ್ದು ಕೂರೋ ಹಾಗಾಯ್ತು. 1977ರಲ್ಲಿ ಸ್ಟುವರ್ಟ್ ವೈಡೆನ್‌ಶಿಲಿಂಗ್ ಹಾಕಿದ ಲೆಕ್ಕ. ತಟ್ಟೇಲಿ ಧೂಳು ಬರೀ ನೂರಕ್ಕೆ ಒಂದು ಪಾಲು, ಉಳಿದದ್ದೆಲ್ಲಾ ಗ್ಯಾಸು. ಗ್ಯಾಸಿಗೆ ಒತ್ತಡ ಇದೆ, ಒಳಗಡೆ ಜಾಸ್ತಿ ಹೊರಗಡೆ ಕಮ್ಮಿ, ಆ ಒತ್ತಡ ಅದನ್ನ ಸ್ವಲ್ಪ ಹೊರಗೆ ತಳ್ತಾ ಇರುತ್ತೆ, ಹಾಗಾಗಿ ಗ್ಯಾಸು ಸೂರ್ಯನ ಸುತ್ತ ಸುತ್ತೋಕೆ ಬೇಕಾದ ಪೂರ್ತಿ ವೇಗದಲ್ಲಿ ಸುತ್ತಬೇಕಾಗಿಲ್ಲ, ಒಂಚೂರು ನಿಧಾನ ಸುತ್ತಿದ್ರೂ ನಡೆಯುತ್ತೆ. ಕಲ್ಲಿಗೆ ಆ ಒತ್ತಡದ ಆಸರೆ ಇಲ್ಲ, ಅದು ಪೂರ್ತಿ ವೇಗದಲ್ಲೇ ಓಡಬೇಕು. ಭೂಮಿ ಇರೋ ದೂರದಲ್ಲಿ ಈ ವ್ಯತ್ಯಾಸ ಸೆಕೆಂಡಿಗೆ ಸುಮಾರು 50 ಮೀಟರ್, ಅಂದ್ರೆ ಗಂಟೆಗೆ 180 ಕಿಲೋಮೀಟರ್. ಬೈಕಲ್ಲಿ ಹೋಗುವಾಗ ಎದುರುಗಾಳಿ ಹೊಡೆಯುತ್ತಲ್ಲ, ಆ ಥರ ಕಲ್ಲಿಗೆ ಹಗಲೂ ರಾತ್ರಿ ಎದುರುಗಾಳಿ. ಹೊಗೆಯಂಥ ಸಣ್ಣ ಧೂಳಿಗೆ ಇದರ ಬಾಧೆ ಇಲ್ಲ, ಗಾಳಿ ಜೊತೆಗೇ ತೇಲ್ತಾ ಹೋಗುತ್ತೆ. ಬೆಟ್ಟದಂಥ ಬಂಡೆಗೂ ಇಲ್ಲ, ಅದು ಗಾಳಿಗೆ ಕ್ಯಾರೇ ಅನ್ನಲ್ಲ. ಮೀಟರ್ ಗಾತ್ರದ ಕಲ್ಲಿಗೆ ಮಾತ್ರ ಎಲ್ಲಾ ಕಡೆಯಿಂದ ಪೆಟ್ಟು. ಎದುರುಗಾಳಿಗೆ ವೇಗ ಕಳ್ಕೊಂಡು ಸುರುಳಿ ಸುತ್ತಿ ಒಳಗೆ ಜಾರುತ್ತೆ. ಎಷ್ಟು ದಿನದಲ್ಲಿ ಗೊತ್ತಾ, ಭೂಮಿ ಇರೋ ಜಾಗದಿಂದ ಸೂರ್ಯನೊಳಗೆ ಬೀಳೋಕೆ ಸುಮಾರು ನೂರು ವರ್ಷ. ಗ್ರಹ ಕಟ್ಟೋಕೆ ಬೇಕಾಗಿರೋದು ಲಕ್ಷಾಂತರ ವರ್ಷ, ಇಟ್ಟಿಗೆಗೆ ಆಯಸ್ಸು ನೂರು ವರ್ಷ! ಈ ಲೆಕ್ಕದ ಪ್ರಕಾರ ನಾವು ಇರಲೇಬಾರದು.

ಅಮ್ಮ ಅವತ್ತು ಏನು ಮಾಡಿದ್ರು ಅಂದ್ರೆ, ಉದುರಿದ ರವೆ ಮೇಲೆ ಬಿಸಿ ಹಾಲು ಚಿಮುಕಿಸಿ ಮತ್ತೆ ಕಟ್ಟಿದ್ರು. ನಿಂತ್ಕೊಂಡ್ವು. ವಿಜ್ಞಾನಿಗಳೂ ಇದನ್ನೇ ಟ್ರೈ ಮಾಡಿದ್ರು, ಹಾಲಿನ ಬದಲು ಹಿಮ. ಸೂರ್ಯನಿಂದ ಒಂದು ದೂರ ದಾಟಿದ ಮೇಲೆ, ನಮ್ಮಲ್ಲಿ ಅದು ಸುಮಾರು ಮಂಗಳ ಮತ್ತು ಗುರು ನಡುವೆ, ನೀರು ಹಿಮವಾಗಿ ಧೂಳಿನ ಮೇಲೆ ಕೂರುತ್ತೆ, ಹಿಮ ಹಚ್ಚಿದ ಕಣಗಳು ಹತ್ತು ಪಟ್ಟು ಚೆನ್ನಾಗಿ ಅಂಟುತ್ತೆ, ಹಾಗಾಗಿ ಅಲ್ಲಿ ದೊಡ್ಡ ಗ್ರಹಗಳಾದ್ವು ಅಂತ ಬಹಳ ದಿನ ನಂಬಿದ್ರು. ಕೇಳೋಕೂ ಚೆನ್ನಾಗಿದೆ. ಆಮೇಲೆ ಲ್ಯಾಬಲ್ಲಿ ನಿಜವಾಗ್ಲೂ ಅಷ್ಟು ತಣ್ಣಗಿರೋ ಹಿಮ ತಗೊಂಡು ಅಳೆದ್ರೆ, ತೀರಾ ತಣ್ಣಗಾದ್ಮೇಲೆ ಹಿಮವೂ ಒಣ ಮರಳಿನ ಥರಾನೇ, ಅಂಥಾ ಅಂಟೇನೂ ಇಲ್ಲ. ಕರಗೋ ಹತ್ತಿರದ ಬಿಸಿಗೆ ಬಂದ್ರೆ ಮಾತ್ರ ಅಂಟು. ಹಾಲೂ ಕೈ ಕೊಡ್ತು.

ಈಗ ಎಲ್ಲರ ಅಚ್ಚುಮೆಚ್ಚಿನ ಉತ್ತರಕ್ಕೆ ಬರ್ತೀನಿ. 2005ರಲ್ಲಿ ಆಂಡ್ರ್ಯೂ ಯೂಡಿನ್ ಮತ್ತು ಜೆರೆಮಿ ಗುಡ್‌ಮನ್ ಒಂದು ವಿಷಯ ಗಮನಿಸಿದ್ರು, 2007ರಲ್ಲಿ ಆಂಡರ್ಸ್ ಯೊಹಾನ್ಸೆನ್ ಮತ್ತೆ ಜೊತೆಗಾರರು ಕಂಪ್ಯೂಟರಲ್ಲಿ ಅದನ್ನ ಮಾಡಿ ತೋರಿಸಿದ್ರು. ಇದನ್ನ ಅರ್ಥ ಮಾಡ್ಕೊಳ್ಳೋಕೆ ಶಿರಾಡಿ ಘಾಟಲ್ಲಿ ಒಂದ್ಸಲ ಹೋಗಿದ್ರೆ ಸಾಕು. ಸಕಲೇಶಪುರ ದಾಟಿ ಇಳೀತಾ ಇದ್ದೀರಿ, ಮುಂದೆ ಒಂದು ಲೋಡ್ ಲಾರಿ ಕುಂಟ್ತಾ ಹೋಗ್ತಿದೆ. ಹಿಂದಿನಿಂದ ಬಂದ ಕಾರು ಅದರ ಬಾಲ ಹಿಡಿಯುತ್ತೆ, ಕಾರಿನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಟ್ಯಾಂಕರ್, ಹತ್ತು ನಿಮಿಷದಲ್ಲಿ ಒಂದು ಕಿಲೋಮೀಟರ್ ಸಾಲು. ಯಾರೂ ಯಾರಿಗೂ ಅಂಟಿಲ್ಲ, ಆದ್ರೂ ಗುಂಪಾಯ್ತು. ತಟ್ಟೇಲೂ ಹಾಗೆ. ಒಳಗೆ ಜಾರ್ತಿರೋ ಜಲ್ಲಿ ಕಲ್ಲುಗಳು ಎಲ್ಲೋ ಒಂದು ಕಡೆ ಸ್ವಲ್ಪ ಗುಂಪಾದ್ರೆ, ಆ ಗುಂಪು ಸುತ್ತಲಿನ ಗ್ಯಾಸನ್ನೇ ತನ್ನ ಜೊತೆ ಎಳ್ಕೊಂಡು ಹೋಗುತ್ತೆ, ಗುಂಪಿಗೆ ಎದುರುಗಾಳಿ ಕಮ್ಮಿಯಾಗುತ್ತೆ, ಜಾರೋದು ನಿಧಾನ ಆಗುತ್ತೆ, ಹೊರಗಿನಿಂದ ಒಂಟಿಯಾಗಿ ಜಾರ್ಕೊಂಡು ಬಂದ ಕಲ್ಲುಗಳು ಬಂದು ಬಂದು ಸೇರ್ಕೊಳ್ತವೆ, ಗುಂಪು ಇನ್ನೂ ದಟ್ಟ ಆಗುತ್ತೆ, ಕೊನೆಗೆ ಎಷ್ಟು ದಟ್ಟ ಅಂದ್ರೆ ತನ್ನ ಭಾರಕ್ಕೆ ತಾನೇ ಕುಸಿದು ಒಂದೇ ಏಟಿಗೆ ನೂರು ಕಿಲೋಮೀಟರ್ ಗಾತ್ರದ ಬಂಡೆ. ಮೀಟರ್ ಗಾತ್ರದ ಮೆಟ್ಟಿಲನ್ನ ಹತ್ತೋದೇ ಬೇಡ, ಹಾರ್ಕೊಂಡು ಹೋಗೋದು. ಮತ್ತೆ ಮಜಾ ನೋಡಿ, ಕಲ್ಲುಗಳನ್ನ ಹಾಳು ಮಾಡ್ತಿದ್ದ ಅದೇ ಎದುರುಗಾಳಿ ಇಲ್ಲಿ ಉಪಕಾರಕ್ಕೆ ಬಂತು.

ಇದಕ್ಕೆ ಸಾಕ್ಷಿಯೂ ಇದೆ, ಅದೂ ಒಳ್ಳೇ ಸಾಕ್ಷಿ. 2019ರ ಜನವರಿ 1ಕ್ಕೆ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೋ ಆಚೆಗಿರೋ ಅರೋಕಾತ್ ಅನ್ನೋ ಬಂಡೆ ಪಕ್ಕ ಹಾದುಹೋಯ್ತು. ಸುಮಾರು 36 ಕಿಲೋಮೀಟರ್ ಉದ್ದ, ಎರಡು ಉಂಡೆ ಅಕ್ಕಪಕ್ಕ ಅಂಟಿಸಿದ ಹಾಗಿದೆ. ಎರಡೂ ಗುದ್ದಿದ ಗುರುತಿಲ್ಲ, ಬಿರುಕಿಲ್ಲ, ಸೇರಿದ ಜಾಗ ನಜ್ಜುಗುಜ್ಜಾಗಿಲ್ಲ. ಯಾರೋ ಮೆಲ್ಲಗೆ ತಂದು ಕೂರಿಸಿದ ಹಾಗೆ, ಅಂದಾಜು ಸೆಕೆಂಡಿಗೆ ಕೆಲವೇ ಮೀಟರ್ ಅಥವಾ ಇನ್ನೂ ಕಮ್ಮಿ ವೇಗದಲ್ಲಿ ಸೇರಿವೆ. ಒಂದೇ ಜಲ್ಲಿ ಗುಂಪು ಕುಸಿದು ಜೋಡಿಯಾಗಿ ಹುಟ್ಟಿದ್ರೆ ಮಾತ್ರ ಇಷ್ಟು ನಯವಾಗಿ ಸೇರೋಕೆ ಸಾಧ್ಯ.

ಹಾಗಾದ್ರೆ ಕಥೆ ಮುಗೀತಾ? ಇಲ್ಲ. ಘಾಟಲ್ಲಿ ಜಾಮ್ ಆಗ್ಬೇಕಂದ್ರೆ ರೋಡಲ್ಲಿ ಸಾಕಷ್ಟು ಗಾಡಿ ಇರಬೇಕು. ರಾತ್ರಿ ಮೂರು ಗಂಟೆಗೆ ಒಂದು ಲಾರಿ ಒಂದು ಕಾರು ಇದ್ರೆ ಎಂಥಾ ಜಾಮು? ಈ ಗುಂಪು ಕಟ್ಟೋ ಆಟಕ್ಕೂ ಹಾಗೇ, ನೂರಕ್ಕೆ ಒಂದು ಪಾಲು ಧೂಳು ಸಾಮಾನ್ಯವಾಗಿ ಸಾಲಲ್ಲ, ಯಾವುದೋ ಒಂದು ಜಾಗದಲ್ಲಿ ಮೊದಲೇ ಸ್ವಲ್ಪ ಜಾಸ್ತಿ ಶೇಖರ ಆಗಿರಬೇಕು, ಮತ್ತೆ ಕಣಗಳು ಹೊಗೆ ಥರ ಇದ್ರೆ ಆಗಲ್ಲ, ಜಲ್ಲಿ ಥರ ದಪ್ಪ ಇರಬೇಕು. ಎಲ್ಲಿ ಶೇಖರ ಆಗುತ್ತೆ? ಉಂಗುರಗಳಲ್ಲಿ, ಒತ್ತಡ ಜಾಸ್ತಿ ಇರೋ ಕಡೆ ಕಲ್ಲುಗಳು ಬಂದು ನಿಂತ್ಕೊಳ್ತವೆ. ಉಂಗುರ ಮಾಡಿದ್ದು ಯಾರು? ಗ್ರಹ. ಗ್ರಹ ಮಾಡಿದ್ದು ಯಾರು? ಉಂಗುರ! ಬೀಜವೃಕ್ಷ ನ್ಯಾಯ ಅಂತ ಅಜ್ಜ ಹೇಳ್ತಿದ್ದು ಇದನ್ನೇ. ಗ್ರಹ ಇಲ್ಲದೆಯೂ ಉಂಗುರ ಆಗುತ್ತೆ, ಕಾಂತಕ್ಷೇತ್ರದಿಂದ ಆಗಬಹುದು, ಹಿಮ ಶುರುವಾಗೋ ಗಡಿಯಲ್ಲಿ ಆಗಬಹುದು ಅಂತ ಬೇರೆ ಬೇರೆ ಬಣಗಳು ವಾದ ಮಾಡ್ತಿವೆ, ಜಗಳ ಇನ್ನೂ ಬಿಸಿ ಇದೆ.

ಇನ್ನೊಂದು ತಕರಾರು ಸಾಮಾನಿಂದು. ಆಲ್ಮಾ ಬಂದ್ಮೇಲೆ ನೂರಾರು ತಟ್ಟೆಗಳ ಧೂಳನ್ನ ತೂಕ ಹಾಕಿದ್ರು. 10-30 ಲಕ್ಷ ವರ್ಷದ ತಟ್ಟೆಗಳಲ್ಲಿ ಎಷ್ಟೋ ಕಡೆ ಇರೋ ಧೂಳೆಲ್ಲಾ ಸೇರಿಸಿದ್ರೂ, ಬೇರೆ ನಕ್ಷತ್ರಗಳ ಸುತ್ತ ನಾವು ಕಂಡಿರೋ ಗ್ರಹಗಳನ್ನ ಮಾಡೋಕೆ ಸಾಲಲ್ಲ. ಒಂದು ವಿವರಣೆ ಏನಂದ್ರೆ ನಾವು ಹೋಗಿ ನೋಡೋ ಹೊತ್ತಿಗೆ ಗ್ರಹಗಳು ಆಗಲೇ ಆಗಿಬಿಟ್ಟಿವೆ. ಮದುವೆ ಮನೆಗೆ ಮೂರನೇ ಪಂಕ್ತಿ ಎದ್ದ ಮೇಲೆ ಹೋಗಿ, ತಳದಲ್ಲಿ ಉಳಿದ ಸಾರು ನೋಡಿ ಇಷ್ಟರಲ್ಲಿ ಐನೂರು ಜನಕ್ಕೆ ಹೆಂಗೆ ಬಡಿಸಿದ್ರು ಅಂತ ತಲೆ ಕೆಡಿಸ್ಕೊಂಡ ಹಾಗೆ. ಇನ್ನೊಂದು ವಿವರಣೆ, ಅಳತೆಯೇ ತಪ್ಪು, ದಟ್ಟವಾದ ಧೂಳಿನ ಹಿಂದೆ ಇರೋದು ನಮಗೆ ಕಾಣ್ತಿಲ್ಲ. ನನ್ನ ಒಲವು ಮೊದಲನೆಯದರ ಕಡೆ, ಯಾಕಂದ್ರೆ ನಮ್ಮ ಕೈಗೇ ಸಿಕ್ಕಿರೋ ಕಲ್ಲುಗಳು ಅದನ್ನೇ ಹೇಳ್ತವೆ.

ಆ ಕಲ್ಲುಗಳಲ್ಲಿ ಒಂದು ನಮ್ಮ ದೇಶದ್ದು. 1940ರಲ್ಲಿ ಮಧ್ಯಪ್ರದೇಶದ ಸೆಮರ್ಕೋನಾದಲ್ಲಿ ಬಿದ್ದ ಉಲ್ಕಾಶಿಲೆ, ಒಂದು ಕೆಜಿಯೂ ಇಲ್ಲ. ಆದ್ರೆ ಇಡೀ ಪ್ರಪಂಚದ ಉಲ್ಕಾಶಿಲೆ ಲ್ಯಾಬುಗಳಲ್ಲಿ ಅದರ ಹೆಸರು ಹೇಳಿದ್ರೆ ಗೊತ್ತಾಗುತ್ತೆ, ಯಾಕಂದ್ರೆ ಅದು ಹುಟ್ಟಿದಾಗಿಂದ ಬಿಸಿಗೆ ತೀರಾ ಕಮ್ಮಿ ಸಿಕ್ಕಿರೋ, ಹೆಚ್ಚುಕಮ್ಮಿ ಹಾಗೇ ಉಳಿದಿರೋ ಕಲ್ಲು. ಅದನ್ನ ಕತ್ತರಿಸಿದ್ರೆ ಒಳಗೆ ಮಿಲಿಮೀಟರ್ ಗಾತ್ರದ ಗುಂಡು ಗುಂಡು ಕಾಳುಗಳು, ಸಾಬಕ್ಕಿ ಥರ. ಕಾಂಡ್ರ್ಯೂಲ್ ಅಂತಾರೆ. ಭೂಮಿಗೆ ಬೀಳೋ ಉಲ್ಕಾಶಿಲೆಗಳಲ್ಲಿ ಬಹುಪಾಲು ಈ ಕಾಳುಗಳಿಂದಲೇ ಆದದ್ದು. ಇವು ಕರಗಿದ ಕಲ್ಲಿನ ಹನಿಗಳು. 1,500 ಡಿಗ್ರಿಗಿಂತ ಜಾಸ್ತಿ ಕಾದು, ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ತಣ್ಣಗಾಗಿವೆ. ತಣ್ಣನೆ ತಟ್ಟೆ ಮಧ್ಯೆ ಧೂಳನ್ನ ಹಿಂಗೆ ಕಾಯಿಸಿ ಕರಗಿಸಿದ್ದು ಯಾವುದು? ಗ್ಯಾಸಲ್ಲಿ ಎದ್ದ ಆಘಾತದ ಅಲೆ ಅಂತ ಒಬ್ಬರು, ಮಿಂಚು ಅಂತ ಇನ್ನೊಬ್ಬರು, ಬಂಡೆ ಬಂಡೆ ಗುದ್ದಿ ಚಿಮ್ಮಿದ ಲಾವಾ ಹನಿ ಅಂತ ಮತ್ತೊಬ್ಬರು. ನೂರು ವರ್ಷಕ್ಕಿಂತ ಹಳೇ ಪ್ರಶ್ನೆ, ಒಮ್ಮತ ಇಲ್ಲ.

ಅದರ ಮೇಲೆ ವಯಸ್ಸಿನ ಕಿತಾಪತಿ. ಸೌರವ್ಯೂಹದ ಅತಿ ಹಳೇ ಚೂರುಗಳು, ಕ್ಯಾಲ್ಸಿಯಂ ಅಲ್ಯೂಮಿನಿಯಂ ತುಂಬಿರೋ ಬಿಳೀ ಚುಕ್ಕೆಗಳು, 456.7 ಕೋಟಿ ವರ್ಷದವು. 4567 ಅಂತ ನೆನಪಿಟ್ಕೊಳ್ಳೋಕೆ ಸುಲಭ. ಕಾಂಡ್ರ್ಯೂಲುಗಳಲ್ಲಿ ಬಹಳಷ್ಟು ಅದಾದ ಮೇಲೆ ಇಪ್ಪತ್ತು ಮೂವತ್ತು ಲಕ್ಷ ವರ್ಷಕ್ಕೆ ಆದದ್ದು. ಆದ್ರೆ ಕಬ್ಬಿಣದ ಉಲ್ಕಾಶಿಲೆಗಳಿದ್ಯಲ್ಲ, ಅವು ದೊಡ್ಡ ಬಂಡೆಗಳ ಕರಗಿದ ಹೊಟ್ಟೆಯ ಚೂರು, ಅಂಥಾ ಬಂಡೆಗಳಲ್ಲಿ ಎಷ್ಟೋ ಮೊದಲ ಹತ್ತು ಲಕ್ಷ ವರ್ಷದೊಳಗೇ ಆಗಿಹೋಗಿದ್ವು. ಅಂದ್ರೆ ನಾವು ಯಾವುದನ್ನ ಇಟ್ಟಿಗೆ ಅಂತ ಇಷ್ಟು ವರ್ಷ ಮ್ಯೂಸಿಯಮ್ಮಲ್ಲಿ ಇಟ್ಟು ಪೂಜೆ ಮಾಡ್ತಿದ್ವೋ ಅದು ಮನೆ ಕಟ್ಟಾದ ಮೇಲೆ ಉಳಿದ ಜಲ್ಲಿ ಇರಬಹುದು.

ಸೆಮರ್ಕೋನಾ ಇನ್ನೊಂದು ಕೆಲಸ ಮಾಡ್ತು. 2014ರಲ್ಲಿ ಅದರ ಕಾಳುಗಳೊಳಗಿನ ಕಬ್ಬಿಣದ ಚೂರುಗಳಲ್ಲಿ ಉಳಿದಿದ್ದ ಕಾಂತತ್ವ ಅಳೆದ್ರು. ಅವು ತಣ್ಣಗಾಗುವಾಗ ಸುತ್ತ ಇದ್ದ ಕಾಂತಕ್ಷೇತ್ರ ಸುಮಾರು 50 ಮೈಕ್ರೋಟೆಸ್ಲಾ, ಇವತ್ತು ಭೂಮಿ ಮೇಲೆ ದಿಕ್ಸೂಚಿಯನ್ನ ಅಲ್ಲಾಡಿಸೋ ಕ್ಷೇತ್ರದಷ್ಟೇ. ಇದು ಯಾಕೆ ಮುಖ್ಯ ಅಂದ್ರೆ ಲಾಪ್ಲಾಸ್ ಕಾಲದಿಂದ ಕಾಡ್ತಿರೋ ಪ್ರಶ್ನೆ ಒಂದಿದೆ. ಸೌರವ್ಯೂಹದ ತೂಕದಲ್ಲಿ ನೂರಕ್ಕೆ 99.8ಕ್ಕಿಂತ ಜಾಸ್ತಿ ಸೂರ್ಯನದ್ದು, ಆದ್ರೆ ತಿರುಗೋ ಬಲ, ಪುಸ್ತಕದ ಭಾಷೇಲಿ ಕೋನೀಯ ಸಂವೇಗ, ಅದರಲ್ಲಿ ಸೂರ್ಯನ ಪಾಲು ನೂರಕ್ಕೆ ಎರಡೂ ಇಲ್ಲ, ಉಳಿದದ್ದೆಲ್ಲಾ ಗ್ರಹಗಳ ಹತ್ರ. ಆಸ್ತಿ ಎಲ್ಲಾ ಅಣ್ಣಂಗೆ, ಓಡಾಟ ಎಲ್ಲಾ ತಮ್ಮಂದಿರಿಗೆ. ಗ್ಯಾಸು ಸೂರ್ಯನೊಳಗೆ ಬೀಳ್ಬೇಕಂದ್ರೆ ತನ್ನ ತಿರುಗಾಟವನ್ನ ಯಾರಿಗಾದ್ರೂ ದಾಟಿಸಬೇಕು. 1991ರಲ್ಲಿ ಬಾಲ್ಬಸ್ ಮತ್ತು ಹಾಲಿ ಅನ್ನೋರು ಕಾಂತಕ್ಷೇತ್ರ ಗ್ಯಾಸನ್ನ ಕಲಕಿ ಕಲಕಿ ಆ ಕೆಲಸ ಮಾಡುತ್ತೆ ಅಂದ್ರು, ಎಲ್ಲರೂ ಒಪ್ಪಿದ್ರು, ಆಮೇಲೆ ಆಲ್ಮಾದಿಂದ ನೋಡಿದ್ರೆ ಹಲವು ತಟ್ಟೆಗಳಲ್ಲಿ ಗ್ಯಾಸು ಕಲಕೋದೇ ಇಲ್ಲ ಅನ್ನೋ ಅಷ್ಟು ಶಾಂತವಾಗಿದೆ. ಈಗ ತಟ್ಟೆಯಿಂದ ಮೇಲಕ್ಕೂ ಕೆಳಕ್ಕೂ ಬೀಸೋ ಗಾಳಿ ತಿರುಗಾಟವನ್ನ ಹೊತ್ಕೊಂಡು ಹೋಗುತ್ತೆ ಅನ್ನೋ ಕಡೆ ಜನ ವಾಲ್ತಿದ್ದಾರೆ, ಅದಕ್ಕೂ ಕಾಂತಕ್ಷೇತ್ರ ಬೇಕೇ ಬೇಕು. ಸೆಮರ್ಕೋನಾ ಕೊಟ್ಟ ಅಳತೆ ಎರಡೂ ಪಾರ್ಟಿಗೆ ಬೇಕಾದದ್ದು.

ಗುರು ಗ್ರಹದ ವಿಷಯಕ್ಕೆ ಬರೋಣ, ಇವನದ್ದು ಟೈಮಿನ ಸಮಸ್ಯೆ. ಮೊದಲು ಭೂಮಿಯ ಹತ್ತು ಪಟ್ಟು ತೂಕದ ತಿರುಳು ಆಗಬೇಕು, ಆಮೇಲೆ ಅದು ಗ್ಯಾಸನ್ನ ಗಬಗಬ ನುಂಗಬೇಕು. 1996ರಲ್ಲಿ ಜೇಮ್ಸ್ ಪೊಲ್ಯಾಕ್ ಮತ್ತು ಸಂಗಡಿಗರ ಲೆಕ್ಕದಲ್ಲಿ ಇದಕ್ಕೆ ಸುಮಾರು 80 ಲಕ್ಷ ವರ್ಷ ಬೇಕಾಯ್ತು. ಆದ್ರೆ ತಟ್ಟೆಯ ಗ್ಯಾಸು ಅರ್ಧಕ್ಕರ್ಧ ನಕ್ಷತ್ರಗಳಲ್ಲಿ 30 ಲಕ್ಷ ವರ್ಷಕ್ಕೆಲ್ಲಾ ಖಾಲಿ. ಹೋಟೆಲ್ ಬಾಗಿಲು ಹಾಕಿದ ಮೇಲೆ ಊಟಕ್ಕೆ ಬಂದ ಹಾಗೆ. ಅದಕ್ಕೆ 1997ರಲ್ಲಿ ಆಲನ್ ಬಾಸ್, ತಿರುಳೂ ಬೇಡ ಏನೂ ಬೇಡ, ಗ್ಯಾಸೇ ನೇರವಾಗಿ ಕುಸಿದು ಗುರು ಆಗುತ್ತೆ ಅಂದ್ರು. 2010ರ ನಂತರ ಇನ್ನೊಂದು ದಾರಿ ಸಿಕ್ತು, ತಿರುಳು ಬೆಳೆಯೋದು ದೊಡ್ಡ ಬಂಡೆ ತಿಂದಲ್ಲ, ಅದೇ ಜಾರ್ಕೊಂಡು ಬರೋ ಜಲ್ಲಿ ತಿಂದು, ಆಗ ಕೆಲಸ ಬಹಳ ಬೇಗ ಆಗುತ್ತೆ ಅಂತ. ಉಲ್ಕಾಶಿಲೆಗಳೂ ಇದಕ್ಕೆ ಹೂಂ ಅಂತಿವೆ, ಅವುಗಳ ಐಸೋಟೋಪುಗಳಲ್ಲಿ, ಅಂದ್ರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ ಲೆಕ್ಕದಲ್ಲಿ, ಎರಡು ಸ್ಪಷ್ಟ ಪಂಗಡ ಇದೆ, ಒಳಗಿನವು ಹೊರಗಿನವು, ಬೆರೆತಿಲ್ಲ, ಮಧ್ಯೆ ಮೊದಲ ಹತ್ತು ಲಕ್ಷ ವರ್ಷದಲ್ಲೇ ಗುರುವಿನ ತಿರುಳು ಬೇಲಿ ಥರ ನಿಂತಿತ್ತು ಅಂತ 2017ರಲ್ಲಿ ಒಂದು ತಂಡ ಹೇಳ್ತು. ಬೇಲಿ ಗುರುವಲ್ಲ, ಬರೀ ಉಂಗುರ ಇದ್ರೂ ಸಾಕು ಅಂತ ಬೇರೆಯವರು. ಇನ್ನು 2016ರಲ್ಲಿ ಗುರುವಿನ ಸುತ್ತ ಸುತ್ತೋಕೆ ಶುರು ಮಾಡಿದ ಜೂನೋ ನೌಕೆ ಒಳಗೆ ಗಟ್ಟಿ ತಿರುಳಿದ್ಯಾ ಅಂತ ಗುರುತ್ವ ಅಳೆದು ನೋಡಿದ್ರೆ, ಗಟ್ಟಿನೂ ಅಲ್ಲ ಇಲ್ಲವೇ ಇಲ್ಲ ಅಂತಾನೂ ಅಲ್ಲ, ಅರ್ಧ ತ್ರಿಜ್ಯದ ಹತ್ತಿರದವರೆಗೂ ಹರಡಿಕೊಂಡು ಕರಗಿಹೋದ ಹಾಗಿರೋ ತಿರುಳು! ಮುದ್ದೆ ಸಾರಲ್ಲಿ ಕದಡಿಹೋದಂಗೆ. ಎರಡೂ ಪಾರ್ಟಿ ಬರೆದಿಟ್ಟ ಉತ್ತರದಲ್ಲಿ ಇದು ಇರಲಿಲ್ಲ.

ಆಗಿದ್ದೇನೋ ಆಯ್ತು, ಅಲ್ಲೇ ಇರುತ್ತಾ? 1995ರ ಅಕ್ಟೋಬರಲ್ಲಿ ಮಿಶೆಲ್ ಮೇಯರ್, ದಿದಿಯೇ ಕೆಲೋ ಕಂಡುಹಿಡಿದ 51 ಪೆಗಾಸಿ ಬಿ ಅನ್ನೋ ಗ್ರಹ, ಗುರುವಿನ ಅರ್ಧ ತೂಕ, ನಕ್ಷತ್ರದ ಸುತ್ತ ಒಂದು ಸುತ್ತಿಗೆ ನಾಲ್ಕೇ ದಿನ. ನಮ್ಮ ಬುಧಕ್ಕೇ 88 ದಿನ ಬೇಕು. ಅಷ್ಟು ಹತ್ರ, ಅಷ್ಟು ಬಿಸಿಯಲ್ಲಿ ಅಂಥಾ ಗ್ರಹ ಹುಟ್ಟೋಕೆ ಸಾಮಾನೇ ಇರಲ್ಲ, ಹಾಗಾಗಿ ದೂರದಲ್ಲಿ ಹುಟ್ಟಿ ಒಳಗೆ ಜಾರಿದೆ ಅಂತ ಬಹುತೇಕರ ಮಾತು. ತಮಾಷೆ ಅಂದ್ರೆ 1952ರಲ್ಲೇ ಖಗೋಳ ವಿಜ್ಞಾನಿ ಒಟ್ಟೊ ಸ್ಟ್ರೂವೆ, ನಕ್ಷತ್ರಕ್ಕೆ ತೀರಾ ಹತ್ತಿರ ದೊಡ್ಡ ಗ್ರಹ ಯಾಕಿರಬಾರದು, ಹುಡುಕಿ ನೋಡಿ ಅಂತ ಬರೆದಿದ್ರು. ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಇಂಥದ್ದೇ ಒಂದಕ್ಕೆ 2019ರಲ್ಲಿ ಭಾರತದಿಂದ ಹೆಸರಿಟ್ಟಿದ್ದಾರೆ, ಸಂತಮಸ ಅಂತ, ಅದರ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಬಿಭಾ. ಸಂತಮಸ ಗುರುವಿಗಿಂತ ಭಾರ, ಅದರ ಒಂದು ವರ್ಷ ಅಂದ್ರೆ ನಮ್ಮ ಎರಡು ದಿನ ಚಿಲ್ಲರೆ.

ಆದ್ರೆ ಜಾರೋದನ್ನ ಲೆಕ್ಕ ಹಾಕಿದವರಿಗೆ ಉಲ್ಟಾ ಗಾಬರಿ. ಭೂಮಿಯಂಥ ಗ್ರಹ ಗ್ಯಾಸಿನ ತಟ್ಟೇಲಿ ಅಲೆ ಎಬ್ಬಿಸುತ್ತೆ, ಆ ಅಲೆಗಳೇ ಅದನ್ನ ಹಿಡಿದು ಜಗ್ಗಿ ಸುಮಾರು ಒಂದು ಲಕ್ಷ ವರ್ಷದಲ್ಲಿ ನಕ್ಷತ್ರದ ಬಾಯಿಗೆ ಹಾಕ್ತವೆ. ಕಲ್ಲಿಗಾಗಿದ್ದ ಗತಿಯೇ ಗ್ರಹಕ್ಕೂ! ಮೀಟರಿನ ಅಡ್ಡಿ ಹೆಂಗೋ ದಾಟಿಸಿ ತಂದ್ರೆ ಇಲ್ಲಿ ಇನ್ನೊಂದು ಟೋಲ್ ಗೇಟು. ಹೆಂಗೆ ನಿಂತವು, ಯಾಕೆ ನಮ್ಮ ಗುರು ಜಾರದೆ ಉಳಿದ?

ಮಂಗಳನ ಕಥೆ ಇದಕ್ಕೇ ತಗ್ಲಾಕ್ಕೊಳ್ಳುತ್ತೆ. ಮಂಗಳನ ತೂಕ ಭೂಮಿಯ ಹತ್ತರಲ್ಲೊಂದು ಪಾಲು, ಸಿಮ್ಯುಲೇಶನ್ ಓಡಿಸಿದ್ರೆ ಮಾತ್ರ ಪ್ರತಿಸಲ ಅಲ್ಲಿ ಭೂಮಿಯಷ್ಟೇ ಅಥವಾ ಅದರ ಅರ್ಧದಷ್ಟಾದ್ರೂ ದೊಡ್ಡ ಗ್ರಹ ಬಂದು ಕೂರುತ್ತೆ. 2011ರಲ್ಲಿ ಒಂದು ಪರಿಹಾರ ಬಂತು, ಗುರು ಒಂದ್ಸಲ ಇವತ್ತು ಮಂಗಳ ಇರೋ ದೂರದವರೆಗೂ ಒಳಗೆ ಬಂದು, ಅಲ್ಲಿನ ಸಾಮಾನೆಲ್ಲಾ ಚೆಲ್ಲಾಪಿಲ್ಲಿ ಮಾಡಿ, ಹಿಂದಿನಿಂದ ಬಂದ ಶನಿಯ ಜೊತೆ ಸಿಕ್ಕಿಕೊಂಡು ವಾಪಸ್ ಹೊರಗೆ ಹೋದ ಅಂತ. ಹಾಯಿದೋಣಿ ದಿಕ್ಕು ತಿರುಗಿಸೋ ಹಾಗೆ. ನನಗೆ ಈ ಕಥೆ ಯಾಕೋ ಹಿಡಿಸಲ್ಲ, ತಪ್ಪು ಅಂತ ಹೇಳೋಕೆ ನಾನ್ಯಾರು, ಆದ್ರೆ ಸಸ್ಪೆನ್ಸ್ ಸಿನಿಮಾದಲ್ಲಿ ಕೊನೇ ಹತ್ತು ನಿಮಿಷಕ್ಕೆ ಹೊಸ ಪಾತ್ರ ತಂದು ಕೊಲೆಗಾರ ಇವನೇ ಅಂದಂಗಾಯ್ತು. ಮೊದಲಿಂದಲೂ ಬಂಡೆಗಳು ಶುಕ್ರ ಭೂಮಿ ಇರೋ ಕಡೆ ಒಂದು ಸಣ್ಣ ಉಂಗುರದಲ್ಲೇ ಇದ್ವು, ಅದರಾಚೆ ಸಾಮಾನು ಕಮ್ಮಿ ಇತ್ತು, ಮಂಗಳ ಬಡವನಾದ ಅನ್ನೋ 2009ರ ಲೆಕ್ಕವೇ ವಾಸಿ.

ಇದೆಲ್ಲಾ ನಮ್ಮ ಸೌರವ್ಯೂಹವೇ ಮಾಮೂಲಿ ಅಂದ್ಕೊಂಡ್ರೆ. 2025ರ ಸೆಪ್ಟೆಂಬರ್ ಹೊತ್ತಿಗೆ ನಾಸಾ ಪಟ್ಟಿಯಲ್ಲಿ ಬೇರೆ ನಕ್ಷತ್ರಗಳ ಸುತ್ತ ಇರೋ ಗ್ರಹಗಳು 6,000 ದಾಟಿದ್ವು, ಅದರಲ್ಲಿ ಅತಿ ಸಾಮಾನ್ಯ ಅಂದ್ರೆ ಭೂಮಿಗಿಂತ ದೊಡ್ಡದು ನೆಪ್ಚೂನಿಗಿಂತ ಚಿಕ್ಕದು ಇರೋ ಜಾತಿ. ನಮ್ಮಲ್ಲಿ ಅಂಥದ್ದು ಒಂದೂ ಇಲ್ಲ. ಬೀದೀಲಿ ಎಲ್ಲರ ಮನೇಲೂ ಇರೋದು ನಮ್ಮನೇಲಿ ಮಾತ್ರ ಇಲ್ಲ ಅಂದ್ರೆ ನಮ್ಮನೆ ನೋಡಿ ಬರೆದ ಪಾಠ ಎಷ್ಟು ಸರಿ?

ನನಗೆ ಈಗ ಅತಿ ಇಷ್ಟದ ಒಗಟು ಮೌಂಟ್ ಅಬುವಿನಿಂದ ಬಂದದ್ದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಗುರುಶಿಖರದ 2.5 ಮೀಟರ್ ದೂರದರ್ಶಕಕ್ಕೆ ಪಾರಸ್-2 ಅನ್ನೋ ಉಪಕರಣ ಕೂರಿಸಿ 2024ರಲ್ಲಿ ಟಿಒಐ-6651ಬಿ ಅನ್ನೋ ಗ್ರಹವನ್ನ ತೂಕ ಹಾಕಿದ್ರು. ಅಗಲ ಭೂಮಿಯ ಐದು ಪಟ್ಟು, ತೂಕ ಅರವತ್ತು ಪಟ್ಟು, ಐದು ದಿನಕ್ಕೊಂದು ಸುತ್ತು. ಅಷ್ಟು ತೂಕದಲ್ಲಿ ನೂರಕ್ಕೆ 87 ಪಾಲು ಬರೀ ಕಲ್ಲು ಕಬ್ಬಿಣ ಅಂತ ಅವರ ಅಂದಾಜು. ಹತ್ತು ಭೂಮಿ ತೂಕದ ತಿರುಳಾದ್ರೆ ಸಾಕು ಗ್ಯಾಸು ಸುರ್ ಅಂತ ಬಂದು ಮುತ್ಕೊಂಡು ಗುರು ಆಗಿಬಿಡುತ್ತೆ ಅಂತ ತಾನೇ ಮೇಲೆ ಹೇಳಿದ್ದು? ಇಲ್ಲಿ ಐವತ್ತು ಭೂಮಿಯಷ್ಟು ಕಲ್ಲು ಗುಡ್ಡೆ ಬಿದ್ದಿದೆ, ಗ್ಯಾಸು ಮಾತ್ರ ನಾಮಕಾವಸ್ತೆ. ಇದ್ದ ಗ್ಯಾಸನ್ನ ನಕ್ಷತ್ರ ಸುಲಿದು ಹಾಕ್ತೋ, ಎರಡು ಗ್ರಹ ಗುದ್ದಿ ಒಂದಾದವೋ, ಗ್ಯಾಸು ಖಾಲಿಯಾದ ಮೇಲೆ ಬೆಳೀತೋ, ಮೂರಕ್ಕೂ ವಾದ ಇದೆ.

ಇದನ್ನೆಲ್ಲಾ ಅವತ್ತು ಅಡುಗೆಮನೆ ಕಟ್ಟೆ ಮೇಲೆ ಕೂತು ಅಮ್ಮಂಗೆ ಹೇಳ್ದೆ, ಅರ್ಧ ಗಂಟೆ ಹಿಡೀತು, ಅವರು ಹಾಲು ಚಿಮುಕಿಸ್ತಾ ಕಟ್ತಾ ಕೇಳ್ತಿದ್ರು. ಕೊನೆಗೆ, "ಅಲ್ಲ ಕಣೋ, ಅಷ್ಟು ಜನ ಸೇರಿ ನೂರೈವತ್ತು ಉಂಡೆ ನೋಡಿದ್ದಾರಾ?" ಅಂದ್ರು. ಆರು ಸಾವಿರ ಅಂದೆ. "ಕಟ್ಟೋದನ್ನ?" ಅಂದ್ರು. ಪಿಡಿಎಸ್ 70 ಅಂತ ಒಂದು ನಕ್ಷತ್ರ ಇದೆ, ಅಲ್ಲಿ ಎರಡು ಗ್ರಹ ಇನ್ನೂ ಗ್ಯಾಸು ತಿಂತಾ ಇರೋದು 2018, 2019ರಲ್ಲಿ ಕಣ್ಣಿಗೇ ಕಂಡಿದೆ, ಆದ್ರೆ ಅವು ಆಗಲೇ ದೊಡ್ಡ ಉಂಡೆಗಳು, ಕಡ್ಲೆಕಾಳು ಬೆಟ್ಟ ಆಗೋದನ್ನ ಮಾತ್ರ ಯಾರೂ ನೋಡಿಲ್ಲ, ಅಷ್ಟು ಚಿಕ್ಕದು ಯಾವ ದೂರದರ್ಶಕಕ್ಕೂ ಕಾಣಲ್ಲ ಅಂದೆ. "ಹಂಗಾದ್ರೆ ಸುಮ್ನಿರು" ಅಂತ ನನ್ನ ಕೈಗೊಂದು ಉಂಡೆ ಕೊಟ್ರು. ಹಾಲು ಹಾಕಿದ್ದು, ನಾಳೆಗೆ ಇಡೋಹಾಗಿಲ್ಲ, ಇವತ್ತೇ ಮುಗಿಸ್ಬೇಕು ಅಂತ ಪಕ್ಕದ ಮನೆಗೂ ಆರು ಕೊಟ್ಟು ಕಳಿಸಿದ್ರು.